ಕಿತ್ತೂರೆಂದುಕೊಂಡ ಬೈಲಹೊಂಗಲ

ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಪಕ್ಕದ್ದು ಬೀಜದ ಅಂಗಡಿ. ನಡುವೆ ಒಂದೇ ಗೋಡೆ. ಆ ಅಂಗಡಿಯ ಮಗಳು ಶೈಲಜಾ ಪೈಲಟ್ ಆದ ಕಥೆಯನ್ನು ಊರಲ್ಲಿ ಹತ್ತು ಜನ ಹತ್ತು ಬಗೆಯಾಗಿ ಹೇಳುತ್ತಾರೆ. ಪರೀಕ್ಷೆಗೆ ಮೊದಲು ಆಕೆ ಊರಿಗೆ ಬಂದಿದ್ದಾಗ ಅವಳ ನಕಾಶೆಯನ್ನು ಏಳು ಸಲ ಜೆರಾಕ್ಸ್ ಮಾಡಿಕೊಟ್ಟವನು ನಾನು. ಅವರ ಅಡುಗೆಮನೆಯಲ್ಲಿ ಕೈಗಡಿಯಾರ ಹಿಡಿದು ಕೂತವನೂ ನಾನೇ. ಹಾಗಾಗಿ ನನಗೆ ಗೊತ್ತಿದ್ದಷ್ಟನ್ನು ನಡೆದ ಹಾಗೆ ಬರೆಯುತ್ತೇನೆ. ನನ್ನ ಹೆಸರು ಪರಪ್ಪ.

ಶೈಲಜಾಳ ತಂದೆ ನಿಜಗುಣಪ್ಪ ನನ್ನ ಗೆಳೆಯ. ೧೯೯೪ರ ಮುಂಗಾರಿನಲ್ಲಿ, ಬಿತ್ತನೆಯ ಗದ್ದಲದ ನಡುವೆಯೇ ಎದೆನೋವು ಬಂದು ತೀರಿಕೊಂಡ. ಮಗಳಿಗೆ ಆಗ ಹನ್ನೊಂದು ವರ್ಷ. ಅವನ ಹೆಂಡತಿ ಅನ್ನಪೂರ್ಣಾ ಅವರನ್ನು ನಾನು ಕರೆಯುವುದು ವೈನಿ, ಅಂದರೆ ಅತ್ತಿಗೆ ಎಂದು. ವೈನಿ ಅಲ್ಲಿಯವರೆಗೆ ಅಂಗಡಿಯ ಕಟ್ಟೆಯ ಮೇಲೆ ಕೂತವರಲ್ಲ. ಶಿವಗಣಾರಾಧನೆ ಮುಗಿದ ಮರುದಿನ ಬೆಳಿಗ್ಗೆ ತಾವೇ ಬಂದು ಬಾಗಿಲು ತೆಗೆದರು.

"ವೈನಿ, ತಿಳದಾಂವ ಒಬ್ಬಾಂವನ್ನ ಇಟ್ಕೋರಿ," ಎಂದೆ.

"ನನಗ ಬೀಜದ ಬಗ್ಗೆ ಏನೂ ತಿಳಿಯಂಗಿಲ್ಲ ಖರೆ, ಪರಪ್ಪಣ್ಣಾರ. ಆದ್ರ ಕೇಳಾಕ ಬರತೈತಿ," ಎಂದರು.

ಕೇಳಿ ಕೇಳಿಯೇ ಕಲಿತರು. ಅಂಗಡಿಗೆ ಬಂದ ಪ್ರತಿಯೊಬ್ಬ ರೈತನಿಗೂ ಅವರ ಮೊದಲ ಮಾತು ಒಂದೇ: "ಯಾವ ಊರ್ರಿ? ಎರಿನೋ, ಮಸಾರಿನೋ?" ಕಪ್ಪು ಭೂಮಿಗೆ ಎರಿ ಎನ್ನುತ್ತೇವೆ, ಕೆಂಪು ಭೂಮಿಗೆ ಮಸಾರಿ. ಮಣ್ಣು ಗೊತ್ತಾಗದೆ ವೈನಿ ಯಾರಿಗೂ ಬೀಜದ ಚೀಲ ಬಿಚ್ಚಿದವರಲ್ಲ. ಹನ್ನೆರಡು ವರ್ಷ ಹೀಗೆ ಕೇಳುತ್ತಾ ಕೂತರೆ ಏನಾಗುತ್ತದೆ ನೋಡಿ: ಇತ್ತ ಕಿತ್ತೂರಿನಿಂದ ಅತ್ತ ರಾಮದುರ್ಗದವರೆಗೆ ಯಾವ ಹಳ್ಳಿಯ ಯಾವ ದಿಕ್ಕಿಗೆ ಎಂಥ ನೆಲ, ಯಾವ ತಿಂಗಳಲ್ಲಿ ಅಲ್ಲಿ ಯಾವ ಪೈರು ನಿಂತಿರುತ್ತದೆ ಎಂಬುದು ಅವರ ಬಾಯಲ್ಲೇ ಇತ್ತು. ಆ ಹಳ್ಳಿಗಳಲ್ಲಿ ಮುಕ್ಕಾಲನ್ನು ಅವರು ಕಣ್ಣಿಂದ ನೋಡಿರಲಿಲ್ಲ.

ಮಗಳನ್ನು ಕಿತ್ತೂರಿನ ಹೆಣ್ಣುಮಕ್ಕಳ ವಸತಿಶಾಲೆಗೆ ಸೇರಿಸಿದರು. ಏಳು ವರ್ಷ ಅಲ್ಲಿ ಓದಿ, ಶೈಲಜಾ ಬಿ.ಎಸ್ಸಿ.ಗೆ ಧಾರವಾಡಕ್ಕೆ ಹೋದಳು. ಎನ್.ಸಿ.ಸಿ. ಶಿಬಿರವೊಂದರಲ್ಲಿ ಅವಳನ್ನು ಹತ್ತು ನಿಮಿಷ ಪುಟ್ಟ ವಿಮಾನದಲ್ಲಿ ಕೂರಿಸಿ ಸುತ್ತಿಸಿದ್ದರು. ಅಂದಿನಿಂದ ಅವಳಿಗೆ ಬೇರೆ ಯಾವ ಕೆಲಸದ ಮಾತೂ ರುಚಿಸಲಿಲ್ಲ. ಪದವಿ ಮುಗಿದ ವಾರವೇ ಅಂಗಡಿಗೆ ಬಂದು, ಗಿರಾಕಿಗಳಿದ್ದಾಗಲೇ ಹೇಳಿದಳು:

"ಅವ್ವ, ನಾ ಪೈಲಟ್ ಆಗತೇನಿ."

ವೈನಿ ತಕ್ಕಡಿ ಕೆಳಗಿಟ್ಟರು. "ಮ್ಯಾಲ ಹೋಗೂದು ಸರಿ. ಇಳಿಯೂದನ್ನೂ ಕಲಸ್ತಾರಿಲ್ಲೋ?"

"ಅದನ್ನ ಮೊದಲ ಕಲಸ್ತಾರ."

"ಹಂಗಾರ ಹೋಗು," ಎಂದರು. ಚರ್ಚೆ ಅಷ್ಟೇ. ನಿಜಗುಣಪ್ಪನ ಹೆಸರಿನಲ್ಲಿದ್ದ ಹೊಲ ಮಾರಿ, ೨೦೦೪ರಲ್ಲಿ ಮಗಳನ್ನು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಪಕ್ಕದ ಒಂದು ಸಣ್ಣ ಹಾರಾಟ ಶಾಲೆಗೆ ಸೇರಿಸಿದರು.

ಶೈಲಜಾ ಚುರುಕು ಹುಡುಗಿ. ಎರಡು ವರ್ಷ ತುಂಬುವ ಮೊದಲೇ ಬರವಣಿಗೆಯ ಪರೀಕ್ಷೆಗಳೆಲ್ಲ ಮುಗಿದವು. ಹಗಲು ಹಾರಿಸುವ ಪರೀಕ್ಷೆ, ರಾತ್ರಿ ಹಾರಿಸುವ ಪರೀಕ್ಷೆ ಎರಡೂ ಆದವು. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಉಳಿದದ್ದು ಒಂದೇ, ದಾರಿ ಹುಡುಕುವ ಪರೀಕ್ಷೆ. ಪರೀಕ್ಷಕರೊಬ್ಬರು ಪಕ್ಕದಲ್ಲಿ ಕೂರುತ್ತಾರೆ. ಇನ್ನೂರೈವತ್ತು ನಾಟಿಕಲ್ ಮೈಲಿಗಿಂತ ಹೆಚ್ಚು ಹಾರಿ, ನಡುವೆ ಎರಡು ಕಡೆ ಇಳಿದು, ಹೇಳಿದ ಊರುಗಳ ಮೇಲೆ ಹೇಳಿದ ನಿಮಿಷಕ್ಕೆ ಹೋಗಿ ವಾಪಸ್ಸು ಬರಬೇಕು. ದಾರಿ ತೋರಿಸುವ ಯಂತ್ರಗಳನ್ನು ಮುಟ್ಟುವಂತಿಲ್ಲ. ನಕಾಶೆ, ದಿಕ್ಸೂಚಿ, ಗಡಿಯಾರ, ಇವು ಮೂರೇ. ಸಾಲದ್ದಕ್ಕೆ ಹಾರುವಾಗಲೇ ನಡುವೆ ಪರೀಕ್ಷಕರು ದಾರಿ ಬದಲಿಸುತ್ತಾರೆ.

ಇದಕ್ಕೆ ಅವಳನ್ನು ತಯಾರು ಮಾಡುತ್ತಿದ್ದವರು ಮಾಂತೇಶ ಎಂಬ ಗುರುಗಳು. ವಾಯುಸೇನೆಯಿಂದ ನಿವೃತ್ತರಾದವರು, ರಾಮದುರ್ಗದ ಕಡೆಯವರು. "ಈ ಪರೀಕ್ಷಾ ನನಗ ಹಗೂರ ಸರ್," ಎಂದು ಶೈಲಜಾ ಅವರಿಗೆ ಹೇಳಿದ್ದಳಂತೆ. "ದಾರಿಯೊಳಗ ಅರ್ಧಾ ನನ್ನ ಊರ ಐತಿ."

೨೦೦೫ರ ಡಿಸೆಂಬರ್ ಕೊನೆಯಲ್ಲಿ ಇಬ್ಬರೂ ತಾಲೀಮಿಗೆ ಹೋದರು. ಬಳ್ಳಾರಿಯಿಂದ ಎದ್ದು ನೇರ ಕಿತ್ತೂರಿನ ಮೇಲೆ ಬರಬೇಕು. ಅಲ್ಲಿ ತಿರುಗಿ ಸಾಂಬ್ರಾದಲ್ಲಿ ಇಳಿಯಬೇಕು. ಈಶಾನ್ಯದಿಂದ ಜೋರು ಗಾಳಿ ಇದೆ ಎಂದು ಬೆಳಗಿನ ವರದಿ ಹೇಳಿತ್ತು. ಪಶ್ಚಿಮಕ್ಕೆ ಹೋಗುವ ವಿಮಾನವನ್ನು ಆ ಗಾಳಿ ಎಡಕ್ಕೆ ತಳ್ಳುತ್ತದೆ. ಆದ್ದರಿಂದ ಶೈಲಜಾ ವಿಮಾನದ ಮೂತಿಯನ್ನು ಆರು ಡಿಗ್ರಿ ಬಲಕ್ಕೆ ಹಿಡಿದಳು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬಳ್ಳಾರಿ ಬಿಟ್ಟ ಸ್ವಲ್ಪ ಹೊತ್ತಿಗೇ ಗಾಳಿ ಸತ್ತುಹೋಯಿತು. ತಳ್ಳುವ ಗಾಳಿ ಇಲ್ಲದೆ ವಿಮಾನ ಮೂತಿ ತೋರಿಸಿದ ಕಡೆಗೇ, ಬಲಕ್ಕೆ ಬಲಕ್ಕೆ ಸರಿಯುತ್ತ ಹೋಯಿತು.

ಮಲಪ್ರಭೆಯ ಆಣೆಕಟ್ಟಿನ ಹಿನ್ನೀರು ಬಲಗಡೆ ದೂರದಲ್ಲಿ ಕಾಣಬೇಕಾಗಿತ್ತು. ಅದು ಕಾಲಡಿಗೇ ಬಂತು. ಬೆಳಗಿನ ಮುಸುಕಿನಲ್ಲಿ ನೀರು ಮಸುಕಾಗಿ ಹೊಳೆಯಿತು. ಶೈಲಜಾ ಗಡಿಯಾರ ನೋಡಿದಳು. ನೀರು ಕಾಣಬೇಕಾದ ನಿಮಿಷಕ್ಕೆ ನೀರು ಕಂಡಿದೆ. ಕಾಗದದ ಮೇಲೆ ಸರಿ ಗುರುತು ಹಾಕಿದಳು. ಹನ್ನೆರಡು ನಿಮಿಷ ಕಳೆದ ಮೇಲೆ ಊರೊಂದು ಎದುರಾಯಿತು.

"ಕಿತ್ತೂರ ಬಂತ್ರಿ ಸರ್. ಒಂದ ನಿಮಿಷ ಮೊದಲ ಬಂದೇವಿ."

"ಕಿತ್ತೂರ?"

"ಹೌದ್ರಿ."

"ಹೈವೇ ಎಲ್ಲೈತಿ?"

ಕಿತ್ತೂರಿನ ಮಗ್ಗುಲಲ್ಲೇ ಪುಣೆ-ಬೆಂಗಳೂರು ಹೆದ್ದಾರಿ. ಮೇಲಿನಿಂದ ಕುರುಡನಿಗೂ ಕಾಣುವಂಥದ್ದು. ಶೈಲಜಾ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಒಂದ ಸುತ್ತ ಹಾಕು. ನೋಡಿ ಹೇಳು," ಎಂದರು ಮಾಂತೇಶ.

ಸುತ್ತು ಹಾಕುವಾಗ ಮಾರುಕಟ್ಟೆ ಯಾರ್ಡಿನ ಉದ್ದನೆಯ ತಗಡಿನ ಚಾವಣಿಗಳು ಕಂಡವು. ಹುಟ್ಟಿದಾಗಿನಿಂದ ನೋಡಿದ ಚಾವಣಿಗಳು.

"ಸರ್, ಇದು ಬೈಲಹೊಂಗಲ."

"ನಿಮ್ಮೂರಲ್ಲೇನು?"

"ಹೌದ್ರಿ."

"ಮನಿ ಮ್ಯಾಲ ಬಂದು ಕಿತ್ತೂರ ಅಂದೆಲ್ಲವ್ವ. ಇಳದು ಚಾ ಕುಡದು ಹೋಗೂಣೇನು?"

ಅವರು ಬೈಯಲಿಲ್ಲ. ಸಾಂಬ್ರಾದಲ್ಲಿ ಇಳಿದ ಮೇಲೆ ವಿಮಾನದ ರೆಕ್ಕೆಯ ನೆರಳಲ್ಲಿ ನಿಂತು ಇಷ್ಟೇ ಹೇಳಿದರು: "ನಿನ್ನ ಲೆಕ್ಕ ಚಲೋ ಐತಿ. ಆದ್ರ ನೀ ನೆಲಾ ನೋಡಲಿಲ್ಲ. ಕಾಗದದಾಗ ಇದ್ದದ್ದನ್ನ ನೆಲದ ಮ್ಯಾಲ ಹುಡುಕಿದಿ. ಹಂಗ ಹುಡುಕಿದ್ರ ಬೇಕಾದ್ದೆಲ್ಲಾ ಸಿಗತೈತಿ. ನೀರು ಬೇಕಂದ್ರ ನೀರು, ಊರು ಬೇಕಂದ್ರ ಊರು. ಅನುಮಾನ ಬಂದಾಗ ಮೊದಲ ನೆಲಾ ನೋಡು, ಆಮ್ಯಾಲ ಕಾಗದ."

ವಿಮಾನ ರಿಪೇರಿಗೆ ಹೋಯಿತು. ಪರೀಕ್ಷೆಯ ದಿನ ಜನವರಿ ಹದಿನೇಳು ಎಂದು ಗೊತ್ತಾಯಿತು. ನಡುವೆ ಎರಡು ವಾರ ಹಾರುವಂತಿಲ್ಲ. ಶೈಲಜಾ ನಕಾಶೆ ಸುತ್ತಿಕೊಂಡು ಬೈಲಹೊಂಗಲದ ಬಸ್ಸು ಹತ್ತಿದಳು.

ಮೊದಲು ಬಂದದ್ದು ನನ್ನ ಅಂಗಡಿಗೆ. "ಕಾಕಾ, ಇದನ್ನ ದೊಡ್ಡದು ಮಾಡಿ ಕೊಡ್ರಿ. ಕಪ್ಪು-ಬಿಳಪು ಸಾಕು." ಕಾಗದ ಹೊರಬರುವಷ್ಟರಲ್ಲಿ ಬೈಲಹೊಂಗಲವನ್ನು ಕಿತ್ತೂರು ಅಂದದ್ದನ್ನೂ ಹೇಳಿದಳು. ನಾನು ನಕ್ಕೆ. ಅವಳೂ ನಕ್ಕಳು. ಆದರೆ ನಗುವಾಗಲೂ ಕಣ್ಣು ನಕಾಶೆಯ ಮೇಲಿತ್ತು. "ಹಂಗ ಇನ್ನೊಮ್ಮೆ ಆಗಬಾರದ ಕಾಕಾ. ಮ್ಯಾಲಿಂದ ನೋಡಿದ್ರ ಎಲ್ಲಾ ಊರು ಒಂದ ಥರ. ಬೋರ್ಡ ಇಲ್ಲ, ಬಸ್‌ಸ್ಟ್ಯಾಂಡ್ ಇಲ್ಲ. ಬರೇ ಮಾಳಿಗಿ, ಗಿಡ, ಹೊಲ."

ಬೇಸಿಗೆ ಶೇಂಗಾ ಬಿತ್ತುವ ಕಾಲ ಅದು. ಪಕ್ಕದ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಶೈಲಜಾ ಶೇಂಗಾ ಚೀಲದ ಮೇಲೆ ಕೂತು, ತೊಡೆಯ ಮೇಲೆ ನಕಾಶೆ ಹರಡಿ, ಅಳತೆಪಟ್ಟಿಯಿಂದ ಗೆರೆ ಎಳೆಯತೊಡಗಿದಳು. ಎರಡನೆಯ ದಿನವೋ ಮೂರನೆಯ ದಿನವೋ ಬೆಳವಡಿಯ ರೈತನೊಬ್ಬ ಬಂದ. ವೈನಿ ಎಂದಿನ ಪ್ರಶ್ನೆ ಕೇಳಿದರು.

"ಮ್ಯಾಲಿನ ಪಟ್ಟಿ ಮಸಾರಿ ಐತ್ರಿ. ಹಳ್ಳದ ದಂಡಿದು ಎರಿ," ಎಂದ ಆತ.

"ಹಳ್ಳದ ದಂಡಿಗೆ ಈಗ ಕಡ್ಲಿ ಇರಬೇಕಲ್ಲ?"

"ಹೌದ್ರಿ, ಕಡ್ಲಿ ಐತಿ. ಶೇಂಗಾ ಮ್ಯಾಲಿನ ಪಟ್ಟಿಗೆ."

ಆತ ಬೀಜ ಹೊತ್ತು ಹೋದ ಮೇಲೂ ಶೈಲಜಾ ಪೆನ್ಸಿಲ್ ಹಿಡಿದ ಕೈ ಅಲ್ಲಾಡಿಸದೆ ಕೂತಿದ್ದಳು.

"ಅವ್ವ, ಕಿತ್ತೂರ ಸುತ್ತಮುತ್ತ ಎಂಥಾ ಮಣ್ಣು?"

ವೈನಿ ಚೀಲದ ಬಾಯಿ ಹೊಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ಮಸಾರಿ ಬಾಳ. ಪಶ್ಚಿಮಕ್ಕ ಹೋದಂಗ ಭತ್ತದ ಗದ್ದಿ. ಸುಗ್ಗಿ ಆಗಿ ಈಗ ಬೋಳ ಬಿದ್ದಿರತಾವು. ಹೊಳಿ ದಂಡಿಗೆ ಕಬ್ಬು."

"ನಮ್ಮೂರದು?"

"ಎರಿ. ಹತ್ತಿ ಕಡ್ಡಿ ಕಿತ್ತು ಕರ್ರಗ ಕಾಣಸ್ತಿರತೈತಿ. ನಡಕ ನಡಕ ಬಿಳಿಜ್ವಾಳ."

"ಹಂಗಾರ ಮ್ಯಾಲಿಂದ ನೋಡಿದ್ರ ಕಿತ್ತೂರ ಕೆಂಪ, ನಮ್ಮೂರ ಕಪ್ಪ."

"ಮ್ಯಾಲಿಂದ ನಾ ಎಲ್ಲಿ ನೋಡೇನವ್ವ," ಎಂದರು ವೈನಿ. "ಆದ್ರ ಹಂಗ ಇರಬೇಕು."

ಶೈಲಜಾ ಎದ್ದು ನನ್ನ ಕಡೆ ಬಂದಳು. ಇನ್ನೊಂದು ಜೆರಾಕ್ಸ್ ಮಾಡಿಸಿದಳು. ಸ್ಟೇಷನರಿ ಅಂಗಡಿಯಿಂದ ಬಣ್ಣದ ಪೆನ್ಸಿಲ್‌ಗಳ ಡಬ್ಬಿ ತಂದಳು. ಆಮೇಲಿನ ನಾಲ್ಕು ದಿನ ತಾಯಿ ಮಗಳದು ಅದೇ ಕೆಲಸ. ಗಿರಾಕಿ ಇಲ್ಲದಾಗ ಶೈಲಜಾ ಊರಿನ ಹೆಸರು ಓದುವಳು: ಮುರಗೋಡ, ಯರಗಟ್ಟಿ, ಮುನವಳ್ಳಿ, ಶಿರಸಂಗಿ, ಕಟಕೋಳ, ಸುರೇಬಾನ. ವೈನಿ ಮಣ್ಣು ಹೇಳುವರು, ಪೈರು ಹೇಳುವರು. ಗಿರಾಕಿ ಬಂದರೆ ಅವರನ್ನೂ ಬಿಡುತ್ತಿರಲಿಲ್ಲ. "ಯಪ್ಪಾ, ನಿಮ್ಮ ಊರಿಗೆ ಹಳ್ಳ ಯಾವ ಕಡಿಂದ ಬರತೈತ್ರಿ? ಕೆರಿ ಈಗ ತುಂಬೇತೋ ಬತ್ತೇತೋ?" ಬೀಜ ಒಯ್ಯಲು ಬಂದವರು ನಕಾಶೆಯ ಮೇಲೆ ಬಗ್ಗಿ ತಮ್ಮ ಊರು ಹುಡುಕುತ್ತಿದ್ದರು. ಗೆರೆಗಳಷ್ಟೇ ಇದ್ದ ಬಿಳಿ ಹಾಳೆ ನಿಧಾನವಾಗಿ ನೆಲದ ಬಣ್ಣಕ್ಕೆ ತಿರುಗಿತು. ತಿದ್ದಿ ತಿದ್ದಿ ಹಾಳೆ ಕೆಟ್ಟರೆ ನಾನು ಮತ್ತೊಂದು ತೆಗೆದುಕೊಡುತ್ತಿದ್ದೆ.

ಒಂದು ಸೋಮವಾರ ಅಂಗಡಿಗೆ ಬೀಗ ಹಾಕಿ, ತಾಯಿ ಮಗಳು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟರು. ನನ್ನನ್ನೂ ಕರೆದರು. ಬೀಜದ ಚೀಲ ಸಾಗಿಸುವ ಶಟ್ಟೆಪ್ಪನ ಟ್ರ್ಯಾಕ್ಸ್ ಗಾಡಿ. ಶಟ್ಟೆಪ್ಪ ಗುಡ್ಡದ ಬುಡದ ಉಗರಗೋಳದವನು, ಅಲ್ಲೇ ಅವನಿಗೆ ಹೊಲವೂ ಇತ್ತು. ದರ್ಶನ ಮುಗಿಸಿ, ಆಣೆಕಟ್ಟು ಕಾಣುವ ಅಂಚಿಗೆ ಗಾಡಿ ತಂದು ನಿಲ್ಲಿಸಿದ. ಶೈಲಜಾ ನಕಾಶೆಯನ್ನು ಗಾಡಿಯ ಮೂತಿಯ ಮೇಲೆ ಹರಡಿ ಮೂಲೆಗೊಂದು ಕಲ್ಲಿಟ್ಟಳು. ದಿಕ್ಸೂಚಿ ನೋಡಿ ಹಾಳೆಯನ್ನು ಉತ್ತರಕ್ಕೆ ತಿರುಗಿಸಿದಳು.

ವೈನಿ ಅಂಚಿನಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ಅವರು ಹನ್ನೆರಡು ವರ್ಷ ಬೀಜ ಕೊಟ್ಟ ಹಳ್ಳಿಗಳೆಲ್ಲ ಕೆಳಗೆ ಹರಡಿದ್ದವು. "ಅದ ಮುನವಳ್ಳಿ ಇರಬೇಕು," ಎಂದರು ಕೊನೆಗೆ. "ಹೊಳಿ ಬಾಜೂಕ ಅಷ್ಟ ಹಸರ ಐತಿ ನೋಡು, ಕಬ್ಬದು." ಶೈಲಜಾ ದಿಕ್ಕು ಅಳೆದು ನೋಡಿದಳು. ಮುನವಳ್ಳಿಯೇ. ಹೀಗೆ ನಾಲ್ಕು ಊರು ವೈನಿ ನೋಡಿದ ಕೂಡಲೇ ಹೇಳಿದರು. ಐದನೆಯದಕ್ಕೆ ತಡವರಿಸಿದರು.

"ಇದು ಉಗರಗೋಳ ಅಲ್ಲ ಬಿಡು. ಉಗರಗೋಳ ಪೂರಾ ಮಸಾರಿ. ಇಲ್ಲಿ ಕೆಳಗ ಅಷ್ಟೂ ಎರಿ ಐತಿ."

"ಅದು ನಮ್ಮೂರ ರೀ, ಅಕ್ಕಾರ," ಎಂದ ಶಟ್ಟೆಪ್ಪ. "ಗುಡ್ಡದ ಬುಡಕ ಮಸಾರಿ, ಕೆಳಗ ಎರಿ. ನನ್ನ ಪಾಲಿಗೆ ಬುಡದ ಹೊಲ ಬಂದೈತಿ. ನೀವು ಕೇಳಿದಾಗ ನನ್ನ ಹೊಲದ್ದು ಹೇಳಿದೆ."

ವೈನಿ ನಕ್ಕುಬಿಟ್ಟರು. "ಹಂಗಾರ ಹನ್ನೆರಡ ವರ್ಷ ನಾ ಉಗರಗೋಳ ಅಂದ್ರ ನಿನ್ನ ಹೊಲ ಅಂತ ತಿಳ್ಕೊಂಡೇನಿ."

ಶೈಲಜಾ ನಗಲಿಲ್ಲ. ಉಗರಗೋಳದ ಮೇಲೆ ಬಳಿದಿದ್ದ ಕೆಂಪನ್ನು ರಬ್ಬರಿನಿಂದ ಅರ್ಧ ಅಳಿಸಿ ಕಪ್ಪು ತುಂಬಿದಳು. ಆಮೇಲೆ ನಕಾಶೆಯ ಅಂಚಿನಲ್ಲಿ ಏನೋ ಬರೆದಳು. ಮನೆಗೆ ಬಂದ ಮೇಲೆ ನೋಡಿದೆ. "ಒಂದು ಗುರುತಿಗೆ ನಂಬಬೇಡ. ಮೂರು ಕೂಡಿದರೆ ಊರು" ಎಂದಿತ್ತು.

ಉಳಿದ ದಿನಗಳಲ್ಲಿ ಸಂಜೆ ಹೊತ್ತು ಅಡುಗೆಮನೆಯೇ ವಿಮಾನವಾಯಿತು. ಶೈಲಜಾ ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂರುವಳು. ಎಡಗೈಯಲ್ಲಿ ವಿಮಾನ ಹಿಡಿದಿದ್ದಾಳೆಂದೇ ಲೆಕ್ಕ, ಅದನ್ನು ಬಿಡುವಂತಿಲ್ಲ. ಬಲಗೈಯಿಂದಲೇ ನಕಾಶೆ ಮಡಚಬೇಕು, ಗೆರೆ ಎಳೆಯಬೇಕು, ಬರೆಯಬೇಕು. ಪರೀಕ್ಷಕರು ವೈನಿ. ರೊಟ್ಟಿ ಬಡಿಯುತ್ತಲೇ ಹಿಟ್ಟಿನ ಬೆರಳನ್ನು ನಕಾಶೆಯ ಮೇಲೆ ಎಲ್ಲಾದರೂ ಇಡುವರು.

"ಈಗ ಇಲ್ಲಿ ಅದಿ. ಮುಂದ ಮಾಡ ಕವಿದೈತಿ. ರಾಮದುರ್ಗಕ್ಕ ನಡಿ."

ಒಂದು ನಿಮಿಷದೊಳಗೆ ಯಾವ ದಿಕ್ಕು, ಎಷ್ಟು ಮೈಲು, ಎಷ್ಟು ನಿಮಿಷ ಎಂದು ಶೈಲಜಾ ಹೇಳಬೇಕು. ಗಡಿಯಾರ ನನ್ನ ಕೈಯಲ್ಲಿ. ಮೊದಲ ದಿನ ಎರಡು ನಿಮಿಷ ಹತ್ತು ಸೆಕೆಂಡು ಹಿಡಿಯಿತು.

"ಅಷ್ಟೊತ್ತನಾಗ ರೊಟ್ಟಿ ಹೊತ್ತತೈತಿ," ಎಂದರು ವೈನಿ.

ಗೆರೆಯನ್ನು ಕೋನಮಾಪಕದಿಂದ ಅಳೆಯುವುದನ್ನು ಬಿಟ್ಟು, ಕಣ್ಣಂದಾಜಿನಲ್ಲಿ ದಿಕ್ಕು ಹೇಳುವುದನ್ನು ರೂಢಿ ಮಾಡಿಕೊಂಡಳು. ಹೆಬ್ಬೆರಳಿನ ತುದಿಯಿಂದ ಗೆಣ್ಣಿನವರೆಗೆ ನಕಾಶೆಯಲ್ಲಿ ಎಷ್ಟು ಮೈಲು ಎಂದು ಮೊದಲೇ ಅಳೆದಿಟ್ಟುಕೊಂಡು, ದೂರವನ್ನು ಬೆರಳಲ್ಲೇ ಎಣಿಸತೊಡಗಿದಳು. ನಾಲ್ಕನೆಯ ದಿನ ನಲವತ್ತು ಸೆಕೆಂಡಿಗೆ ಬಂದಳು. ಆಮೇಲೆ ವೈನಿ ಸುಮ್ಮನೆ ಬೆರಳಿಡುವುದನ್ನು ಬಿಟ್ಟು ತಕರಾರು ಶುರುಮಾಡಿದರು. "ಗಾಳಿ ಬದಲಾತು." "ಪೆನ್ಸಿಲ್ ಕೆಳಗ ಬಿತ್ತು." "ಬಾಜೂದವರು ಮಾತಾಡಸಾಕ ಹತ್ಯಾರ, ಕೇಳಸ್ಲಿಲ್ಲೇನು?" ಶೈಲಜಾ ಪ್ರತಿಯೊಂದಕ್ಕೂ ಉತ್ತರ ಕೊಟ್ಟಳು. ಹದಿನಾರನೆಯ ತಾರೀಖು ಮುಂಜಾನೆ ಬಸ್ಸು ಹತ್ತುವಾಗ ಅವಳ ಮುಖದಲ್ಲಿ ಗಾಬರಿ ಇರಲಿಲ್ಲ. ಹಿಂದಿನ ಜಂಬವೂ ಇರಲಿಲ್ಲ. ಮಾಡಬೇಕಾದ ಕೆಲಸ ಗೊತ್ತಿರುವವರ ಮುಖ ಅದು.

ಪರೀಕ್ಷೆಯ ದಿನ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು.

ಪರೀಕ್ಷಕರು ಮುಂಬೈ ಕಡೆಯಿಂದ ಬಂದಿದ್ದ ವಯಸ್ಸಾದವರು. ಇಂಗ್ಲಿಷಿನಲ್ಲಿ ಬೇಕಾದಷ್ಟೇ ಮಾತಾಡುವವರು. ಎಂಟು ಗಂಟೆಗೆ ಸಾಂಬ್ರಾದಿಂದ ಎದ್ದರು. ಮೊದಲ ಊರು ರಾಮದುರ್ಗ. ಈಶಾನ್ಯದ ಗಾಳಿ ಈ ಸಲ ನಿಜವಾಗಿಯೂ ಇತ್ತು. ಹೊಲದಲ್ಲಿ ಕಸ ಸುಡುವ ಹೊಗೆ ಯಾವ ಕಡೆ ವಾಲುತ್ತಿದೆ ಎಂಬುದನ್ನು ಐದು ನಿಮಿಷಕ್ಕೊಮ್ಮೆ ನೋಡುತ್ತ ಹೋದಳು. ಮಲಪ್ರಭೆ ತಿರುಗುವ ಕಡೆ, ಗುಡ್ಡದ ಸಾಲಿನಾಚೆ ರಾಮದುರ್ಗ ಹೇಳಿದ ಸಮಯಕ್ಕೆ ಅರ್ಧ ನಿಮಿಷದ ಅಂತರದಲ್ಲಿ ಸಿಕ್ಕಿತು. ಅಲ್ಲಿಂದ ಬಳ್ಳಾರಿಗೆ ಹೋಗಿ ಇಳಿದು, ಇಂಧನ ತುಂಬಿಸಿಕೊಂಡು ಹುಬ್ಬಳ್ಳಿಗೆ ಬಂದು ಇಳಿದರು. ಹುಬ್ಬಳ್ಳಿಯಲ್ಲಿ ರೇಡಿಯೊದಲ್ಲಿ ಹೇಳಬೇಕಾದ ಒಂದು ಮಾತನ್ನು ತುಸು ತಡವಾಗಿ ಹೇಳಿದಳು. ಪರೀಕ್ಷಕರು ಏನೋ ಬರೆದುಕೊಂಡರು. ಅದರ ಚಿಂತೆ ಮಾಡುತ್ತ ಕೂರಲಿಲ್ಲ.

ಹುಬ್ಬಳ್ಳಿಯಿಂದ ಎದ್ದು ಧಾರವಾಡದ ಮೇಲೆ ಬರುವಷ್ಟರಲ್ಲಿ ಮುಸುಕು ದಟ್ಟವಾಗಿತ್ತು. ಪರೀಕ್ಷಕರು ಅಲ್ಲಿಯೇ ದಾರಿ ಬದಲಿಸಿದರು. ಮುಂದೆ ಹೋಗಬೇಕಾದ ಕಿತ್ತೂರಿನ ಮೇಲೆ ಮೋಡ ಕವಿದಿದೆ ಎಂದುಕೊಳ್ಳಿ, ಸವದತ್ತಿಯ ಆಣೆಕಟ್ಟಿಗೆ ಹೋಗಿ, ಅಲ್ಲಿಂದ ಸಾಂಬ್ರಾಕ್ಕೆ ನಡೆಯಿರಿ ಎಂದರು.

ಶೈಲಜಾ ಮೊದಲು ವಿಮಾನವನ್ನು ಸರಿಸುಮಾರು ಆ ದಿಕ್ಕಿಗೆ ತಿರುಗಿಸಿದಳು. ಗಡಿಯಾರ ನೋಡಿ ಬರೆದುಕೊಂಡಳು. ಬೆರಳಲ್ಲಿ ದೂರ ಅಳೆದಳು. ಇಪ್ಪತ್ತು ಮೈಲು, ಎದುರುಗಾಳಿ, ಹದಿನೈದು ನಿಮಿಷ ಎಂದು ಹೇಳಿದಳು. ಪರೀಕ್ಷಕರು ತಲೆ ಆಡಿಸಿದರು.

ಐದಾರು ನಿಮಿಷ ಕಳೆದಿತ್ತು. ಕೆಳಗೆ ಒಂದು ಹಳ್ಳಿ ಮಸುಕಾಗಿ ಕಂಡಿತು. ಇದು ಯಾವ ಊರು ಎಂದರು ಪರೀಕ್ಷಕರು.

ಹೆಸರು ಅವಳ ನಾಲಿಗೆಯ ತುದಿಗೇ ಬಂದಿತ್ತು. ನಕಾಶೆಯ ಪ್ರಕಾರ ಅಲ್ಲಿ ಒಂದು ಊರು ಇರಬೇಕಾಗಿತ್ತು, ಊರು ಕಂಡಿತ್ತು. ಆದರೆ ಹೇಳಲಿಲ್ಲ.

ಇನ್ನೂ ಗೊತ್ತಿಲ್ಲ, ಸ್ವಲ್ಪ ಹೊತ್ತು ಕೊಡಿ ಎಂದಳು.

ಆಮೇಲೆ ನೆಲ ನೋಡಿದಳು. ಆ ದಾರಿಯಲ್ಲಿ ಸರಿಯಾಗಿ ಹೋಗುತ್ತಿದ್ದರೆ ಬಲಗಡೆಯೆಲ್ಲ ಕಪ್ಪು ಎರಿ ಇರಬೇಕು. ಕೆಂಪು ಎಡಗಡೆ ದೂರದಲ್ಲಿ ಉಳಿಯಬೇಕು. ಆದರೆ ಕೆಂಪು ಪಟ್ಟಿಗಳು ವಿಮಾನದ ಬುಡದಲ್ಲೇ ಇದ್ದವು, ಬಲಕ್ಕೂ ಒಂದೆರಡು ಹಾದುಹೋದವು. ಅಂದರೆ ಗಾಳಿ ಅವಳನ್ನು ಎಡಕ್ಕೆ ತಳ್ಳಿದೆ. ಅದು ಒಂದು ಗುರುತು. ಬಲಗಡೆಯ ಮುಸುಕಿನಲ್ಲಿ ಇನ್ನೊಂದನ್ನು ಹುಡುಕಿದಳು. ಕಾಲಡಿಗೆ ಇರಬೇಕಾಗಿದ್ದ ಧಾರವಾಡ–ಸವದತ್ತಿ ರಸ್ತೆ ಎರಡು ಮೈಲು ಬಲಕ್ಕೆ, ಗಿಡಗಳ ಸಾಲಿನ ನಡುವೆ ಇಣುಕಿತು. ಕೆಳಗಿನ ಊರಿನ ಪಶ್ಚಿಮಕ್ಕೆ ಬತ್ತಿದ ಕೆರೆಯೊಂದಿತ್ತು. ಅದು ಮೂರನೆಯದು. ಈಗ ಊರಿನ ಹೆಸರು ಹೇಳಿದಳು. ಮೊದಲು ನಾಲಿಗೆಗೆ ಬಂದ ಹೆಸರು ಅದಾಗಿರಲಿಲ್ಲ.

ಎಂಟು ಡಿಗ್ರಿ ಬಲಕ್ಕೆ ತಿರುಗಿಸುತ್ತೇನೆ, ಗಾಳಿ ಎಣಿಸಿದ್ದಕ್ಕಿಂತ ಜೋರಿದೆ, ಹದಿನೈದಲ್ಲ, ಹದಿನೇಳು ನಿಮಿಷ ಹಿಡಿಯುತ್ತದೆ ಎಂದು ಕೂಡಲೇ ತಿಳಿಸಿದಳು. ಹದಿನೇಳನೆಯ ನಿಮಿಷಕ್ಕೆ ಮುಸುಕಿನೊಳಗಿಂದ ನೀರು ತೆರೆದುಕೊಂಡಿತು. ಆದರೂ ಗುಡ್ಡ ಸೀಳಿ ಹೊಳೆ ಹೊರಬೀಳುವ ಕಂಡಿಯನ್ನೂ ಆಣೆಕಟ್ಟಿನ ಗೋಡೆಯನ್ನೂ ನೋಡುವವರೆಗೆ ಅವಳು ಸರಿ ಗುರುತು ಹಾಕಲಿಲ್ಲ.

ಸಾಂಬ್ರಾದ ಕಡೆ ತಿರುಗಿದ ಮೇಲೆ ಎಡಗಡೆ ದೊಡ್ಡ ಊರೊಂದು ಬಂತು. ಪರೀಕ್ಷಕರು ಅದರತ್ತ ಬೆರಳು ತೋರಿಸಿದರು.

ಬೈಲಹೊಂಗಲ ಎಂದಳು ಶೈಲಜಾ.

ಖಾತ್ರಿಯೇ?

ನಮ್ಮ ಊರು ಸರ್.

ಅದು ಪುರಾವೆಯಲ್ಲ ಎಂದರು ಅವರು.

ಶೈಲಜಾ ಒಪ್ಪಿದಳು. ಹೆದ್ದಾರಿ ಇಲ್ಲ, ಸುತ್ತಲೂ ಕಪ್ಪು ನೆಲ, ಮಾರುಕಟ್ಟೆಯ ಉದ್ದ ಚಾವಣಿಗಳು ಇವೆ, ಆಣೆಕಟ್ಟು ಬಿಟ್ಟು ಇಷ್ಟು ನಿಮಿಷವಾಗಿದೆ ಎಂದು ಒಂದೊಂದಾಗಿ ಹೇಳಿದಳು. ಪರೀಕ್ಷಕರು ಆ ದಿನ ಮೊದಲ ಸಲ ಸ್ವಲ್ಪ ನಕ್ಕರಂತೆ.

ಇಳಿದ ಮೇಲೆ ಕಾಗದಕ್ಕೆ ಸಹಿ ಬಿತ್ತು, ಪಾಸು. ಹುಬ್ಬಳ್ಳಿಯ ರೇಡಿಯೊ ತಪ್ಪನ್ನು ಅವರು ಬರೆದೇ ಇದ್ದರು. ಗೊತ್ತಿಲ್ಲ ಎಂದು ಹೇಳಿದ್ದು ಒಳ್ಳೆಯದಾಯಿತು ಎಂದಷ್ಟೇ ಹೇಳಿ ಹೊರಟುಹೋದರಂತೆ. ಮಾಂತೇಶ ಅವರು ಆ ಮಾತನ್ನು ಅವಳಿಂದ ಎರಡು ಸಲ ಹೇಳಿಸಿ ಕೇಳಿದರು.

ಅಂಗಡಿಗೆ ಫೋನ್ ಬಂದಾಗ ವೈನಿ ಗಿರಾಕಿಗೆ ಚೀಲ ಕಟ್ಟುತ್ತಿದ್ದರು. ಸುದ್ದಿ ಕೇಳಿ, "ಉಂಡಿಯೇನು?" ಎಂದರು. ಫೋನ್ ಇಟ್ಟ ಮೇಲೆ ಗೋಡೆಯಾಚೆಯಿಂದ ನನ್ನನ್ನು ಕೂಗಿ, "ಪರಪ್ಪಣ್ಣಾರ, ಹುಡುಗಿ ದಾರಿ ಹಿಡದಳು," ಎಂದರು. ಅವರ ದನಿ ಗಟ್ಟಿಯಾಗಿಯೇ ಇತ್ತು. ಆದರೆ ಆ ಗಿರಾಕಿಗೆ ಅಂದು ಊರು ಯಾವುದೆಂದು ಕೇಳುವುದನ್ನು ಮರೆತಿದ್ದರು. ಆತ ತಾನಾಗಿಯೇ ಹೇಳಿದ.

ಲೈಸೆನ್ಸ್ ಕೈಗೆ ಬರುವಷ್ಟರಲ್ಲಿ ಮಳೆಗಾಲ ಹಿಡಿದಿತ್ತು. ವಿಮಾನ ಕಂಪನಿಗಳು ಪೈಲಟ್‌ಗಳನ್ನು ಹುಡುಕುತ್ತಿದ್ದ ಕಾಲ ಅದು. ಶೈಲಜಾಳಿಗೂ ಎರಡು ಕಡೆಯಿಂದ ಕರೆ ಬಂತು. ಅವಳು ಕಲಿಸುವ ತರಬೇತಿ ಮಾಡಿಕೊಂಡು ಅದೇ ಶಾಲೆಯಲ್ಲಿ ಉಳಿದಳು. "ಕಂಪನಿಗೆ ಮುಂದ ಹೋಗತೇನಿ. ಒಮ್ಮೆ ಕಲಿಸಿದ್ರ ನನಗ ಪೂರಾ ತಿಳಿತೈತಿ," ಎನ್ನುತ್ತಿದ್ದಳು. ಹೋಗಿಯೂ ಹೋದಳು, ೨೦೦೯ರಲ್ಲಿ. ಈಗ ದೊಡ್ಡ ವಿಮಾನಗಳನ್ನು ಹಾರಿಸುತ್ತಾಳೆ.

ಕಲಿಸುತ್ತಿದ್ದ ಕಾಲದಲ್ಲಿ ಒಮ್ಮೆ ನಾನು ಬೆಳಗಾವಿಗೆ ಟೋನರ್ ತರಲು ಹೋದವನು ಸಾಂಬ್ರಾಕ್ಕೂ ಹೋಗಿದ್ದೆ. ೨೦೦೮ರ ಫೆಬ್ರವರಿ ಇರಬೇಕು. ಅಂದು ಅವಳು ತನ್ನ ಮೊದಲ ವಿದ್ಯಾರ್ಥಿಯನ್ನು ಒಬ್ಬನೇ ದೂರದ ಹಾರಾಟಕ್ಕೆ ಕಳಿಸಿದ್ದಳು. ಮಹಾದೇವ ಎಂದು ಹೆಸರು. ಮೂವತ್ತು ದಾಟಿದವನು, ಬ್ಯಾಂಕಿನ ಕೆಲಸ ಬಿಟ್ಟು ಬಂದವನು. ಹತ್ತೂವರೆಗೆ ಬರಬೇಕಾದವನು ಬಂದಿರಲಿಲ್ಲ. ಶೈಲಜಾ ಓಡಾಡಲಿಲ್ಲ. ಹೊರಗೆ ಕುರ್ಚಿ ಹಾಕಿಕೊಂಡು ಪೂರ್ವದ ಆಕಾಶ ನೋಡುತ್ತ ಕೂತಿದ್ದಳು. ನನಗೂ ಒಂದು ಕುರ್ಚಿ ಹಾಕಿಸಿದಳು. ಬಂದ ಚಹಾ ಮುಟ್ಟಲಿಲ್ಲ.

ಹತ್ತು ನಲವತ್ತೊಂದಕ್ಕೆ ಶಬ್ದ ಕೇಳಿಸಿತು. ಮಹಾದೇವ ಇಳಿದು, ವಿಮಾನ ನಿಲ್ಲಿಸಿ, ಬೆವರು ಒರೆಸಿಕೊಳ್ಳುತ್ತ ಬಂದ.

"ತಡಾ ಆತ್ರಿ ಮೇಡಂ. ಗೋಕಾಕ ದಾಟಿದ ಮ್ಯಾಲ ಒಂದು ಊರು ಬಂತು. ಯಾವದಂತ ಖಾತ್ರಿ ಆಗಲಿಲ್ಲ. ಹಿಂದಕ್ಕ ತಿರುಗಿ, ಖಾತ್ರಿ ಇದ್ದ ಜಾಗಕ್ಕ ಹೋಗಿ, ಅಲ್ಲಿಂದ ಮತ್ತ ಹೊಂಟೆ."

"ಎಣ್ಣಿ ಎಷ್ಟ ಉಳದೈತಿ ಅಂತ ನೋಡ್ಕೊಂಡು ತಿರುಗಿದ್ರೋ, ಹಂಗ ತಿರುಗಿದ್ರೋ?"

"ನೋಡ್ಕೊಂಡ ತಿರುಗಿದೆ ರೀ. ಬರಕೊಂಡೇನಿ."

ಅವನು ಕೊಟ್ಟ ಕಾಗದವನ್ನು ಶೈಲಜಾ ಕೊನೆಯ ಸಾಲಿನವರೆಗೆ ಓದಿದಳು. ಕಿಸೆಯಿಂದ ಪೆನ್ನು ತೆಗೆದು ಸಹಿ ಹಾಕಿದಳು.

"ನಾಳೆ ಏಳಕ್ಕ ಬರ್ರಿ," ಎಂದಳು. "ಈಗ ಮೊದಲ ಹೋಗಿ ಏನಾರ ತಿನ್ರಿ."